ತಾರೀಕು ಮರೆತವರು

ಮಕ್ಕಳ ಪ್ರವಾಸದಲ್ಲಿ ಬಿಳಿಗಿರಿರಂಗನ ಬೆಟ್ಟದ ಪೋಡೊಂದಕ್ಕೆ ಹೋದಾಗ ಸೋಲಿಗರ ಅಜ್ಜಿಯೊಬ್ಬರನ್ನು "ಇವತ್ತು ಯಾವ ತಾರೀಕು ಅಜ್ಜಿ?" ಎಂದು ಕೇಳಿಬಿಟ್ಟೆ. ಪ್ರಶ್ನೆಪತ್ರಿಕೆ ತೆಗೆದು ತೆಗೆದು ಬಂದ ಚಾಳಿ. ಅಜ್ಜಿ ನಕ್ಕರು. ಯಾವ ಮರದಲ್ಲಿ ಹೆಜ್ಜೇನು ಕಟ್ಟುತ್ತದೆ, ಯಾವ ಗೆಣಸನ್ನು ಯಾವಾಗ ಅಗೆಯಬೇಕು ಎಂದು ಹೇಳುತ್ತಲೇ ಹೋದರು. ಸೊನ್ನೆ ಯಾರಿಗೆ, ಅವರಿಗೋ ನನಗೋ?

ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ಮೂಲನಿವಾಸಿ ವೃದ್ಧರಿಗೆಂದೇ ರೂಪಿಸಿದ ಮರೆವಿನ ಪರೀಕ್ಷೆಯೊಂದು 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಬಲ್ಲ ವಸ್ತುಗಳನ್ನೇ ತೋರಿಸುತ್ತಾರೆ. ದಿನದ ಬದುಕು ಹೇಗೆ ಸಾಗಿದೆಯೆಂದು ಮನೆಯವರನ್ನೂ ವಿಚಾರಿಸುತ್ತಾರೆ.

ನಾನು ನಮ್ಮತ್ತೆಯವರ ವಿಷಯದಲ್ಲಿ ಹಾಗೆ ಮಾಡಲಿಲ್ಲ. ವಾರ ಮರೆತರೆಂದು "ಅರಳು ಮರಳು" ಎಂದು ಒಲೆಯ ಮುಂದಿನಿಂದ ಎಬ್ಬಿಸಿದೆ. ಸಾರಿನ ಹದ ಅವರ ಕೈಗಿನ್ನೂ ನೆನಪಿತ್ತು. ಮರೆವನ್ನು ವೈದ್ಯರಿಗೆ ತೋರಿಸಬೇಕು, ನಿಜ. ಆದರೆ ಉಳಿದದ್ದನ್ನು ನೋಡದೆ ಹೋದದ್ದನ್ನಷ್ಟೇ ಎಣಿಸುವುದು ನ್ಯಾಯವೇ? ಒಲೆಯ ಮುಂದೆ ಮತ್ತೆ ಕೂರಿಸೋಣವೆಂದರೆ ಈಗ ಅವರಿಲ್ಲ.