ಕಾಣದವನ ಸಾಕ್ಷಿ

‘ನಾನು ನೋಡಲಿಲ್ಲ’ ಎಂಬ ಮಾತಿಗೆ ನಮ್ಮಲ್ಲಿ ಗೌರವವಿಲ್ಲ. ರಸ್ತೆಯಲ್ಲಿ ಅಪಘಾತವಾದಾಗ, ನೆರೆಮನೆಯಲ್ಲಿ ಜಗಳವೆದ್ದಾಗ, ಕಚೇರಿಯಲ್ಲಿ ಕಡತವೊಂದು ಕಾಣೆಯಾದಾಗ, ಜಾಣನಾದ ಗೃಹಸ್ಥನು ಮೊದಲು ಆಡುವ ಮಾತು ಇದೇ. ಕೋರ್ಟಿನ ಮೆಟ್ಟಿಲು ಹತ್ತದೆ ಬಾಳನ್ನು ಸಾಗಿಸಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕವಚವಿಲ್ಲ. ಹೀಗೆ ಬಳಸಿ ಬಳಸಿ ಆ ಮಾತು ಸವೆದುಹೋಗಿದೆ. ಕೇಳಿದವರು ಅದನ್ನು ಹೇಡಿತನವೆಂದೋ ನಿರುಪಯೋಗಿಯೆಂದೋ ಬಗೆದು ಮುಂದಿನವನ ಕಡೆಗೆ ತಿರುಗುತ್ತಾರೆ. ನೋಡಿದವನು ಬೇಕು, ನೋಡದವನಿಂದ ಏನಾಗಬೇಕಾಗಿದೆ?

ಆದರೆ ಮೂವರು ಒಂದೇ ಮಾತನ್ನು ಆಡಿದರೂ ಅದರ ಅರ್ಥ ಮೂರು ಬಗೆಯಾಗಬಹುದು. ಒಬ್ಬನು ಕಣ್ಣು ಮುಚ್ಚಿ ಮಲಗಿದ್ದ, ಅವನು ನೋಡಲಿಲ್ಲ. ಇನ್ನೊಬ್ಬನು ಎಚ್ಚರವಾಗಿದ್ದ, ಆದರೆ ನಡುವೆ ಗುಡ್ಡ ಅಡ್ಡವಾಗಿತ್ತು, ಅವನೂ ನೋಡಲಿಲ್ಲ. ಮೂರನೆಯವನು ಎಚ್ಚರವಾಗಿದ್ದು, ಅತ್ತಲೇ ದೃಷ್ಟಿ ಇಟ್ಟು, ದೀಪದ ಬೆಳಕಿನಲ್ಲಿ ಕಾದು ಕುಳಿತಿದ್ದ; ಅವನೂ ನೋಡಲಿಲ್ಲ. ಮೊದಲನೆಯವನ ಮಾತಿನಿಂದ ನಮಗೆ ಏನೂ ತಿಳಿಯುವುದಿಲ್ಲ. ಮೂರನೆಯವನ ಮಾತಿನಿಂದ ‘ಅಲ್ಲಿ ಏನೂ ನಡೆಯಲಿಲ್ಲ’ ಎಂಬುದು ತಿಳಿಯುತ್ತದೆ. ಎರಡನೆಯವನ ಮಾತನ್ನು ಇತರರ ಮಾತುಗಳ ಜೊತೆಗೆ ಇಟ್ಟು ನೋಡಿದರೆ, ‘ನಡೆದದ್ದು ಗುಡ್ಡದ ಆಚೆಯೇ’ ಎಂದು ತೀರ್ಮಾನಿಸಲೂ ಸಾಧ್ಯ.

ನಮ್ಮ ಹಿಂದಿನವರು ಇದನ್ನು ಯೋಚಿಸದೆ ಬಿಟ್ಟವರಲ್ಲ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು, ಎಂದರೆ ಕಾಣದಿರುವುದನ್ನು, ಪ್ರತ್ಯೇಕವಾದ ಆರನೆಯ ಪ್ರಮಾಣವೆಂದು ಎಣಿಸಿದರು. ನೆಲದ ಮೇಲೆ ಮಡಕೆ ಇಲ್ಲವೆಂಬುದು ನಮಗೆ ಹೇಗೆ ತಿಳಿಯಿತು? ಕಾಣಲಿಲ್ಲವಾದುದರಿಂದ ತಿಳಿಯಿತು. ನೈಯಾಯಿಕರು ಇದಕ್ಕೆ ಬೇರೆ ಪ್ರಮಾಣವೇಕೆ, ಪ್ರತ್ಯಕ್ಷವೇ ಸಾಕು ಎಂದರು. ನಮ್ಮ ಕರಾವಳಿಯ ಮಧ್ವಾಚಾರ್ಯರು ಪ್ರಮಾಣಗಳು ಮೂರೇ ಎಂದವರಾದ್ದರಿಂದ ಅವರ ಲೆಕ್ಕದಲ್ಲಿಯೂ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಆ ವಾದವನ್ನು ಪಂಡಿತರಿಗೆ ಬಿಡೋಣ. ನನಗೆ ಮುಖ್ಯವೆನಿಸುವುದು ಅನುಪಲಬ್ಧಿಯನ್ನು ಒಪ್ಪಿದವರು ಅದಕ್ಕೆ ಹಾಕಿದ ಕಟ್ಟು. ಅದು ‘ಯೋಗ್ಯ’ ಅನುಪಲಬ್ಧಿಯಾಗಿರಬೇಕು; ವಸ್ತು ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂತಿರಬೇಕು. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆ ಇಲ್ಲವೆಂದಾಗುವುದಿಲ್ಲ.

ಈ ಹಳೆಯ ವಿಚಾರಕ್ಕೆ ಹೊಸ ನಿದರ್ಶನವೊಂದು ಆಕಾಶದಿಂದ ದೊರೆತಿದೆ. ಗಾಮಾ ಕಿರಣಗಳ ಸ್ಫೋಟಗಳೆಂಬ ವಿದ್ಯಮಾನವಿದೆ. ಬಹುದೂರದ ಬ್ರಹ್ಮಾಂಡದ ಯಾವುದೋ ಮೂಲೆಯಲ್ಲಿ ಭಾರಿ ನಕ್ಷತ್ರವೊಂದು ಕುಸಿದಾಗ, ಅಥವಾ ಸತ್ತ ನಕ್ಷತ್ರಗಳ ಅವಶೇಷಗಳೆರಡು ಒಂದನ್ನೊಂದು ಸುತ್ತಿ ಸುತ್ತಿ ಡಿಕ್ಕಿ ಹೊಡೆದಾಗ, ಕೆಲವೇ ಕ್ಷಣ ಗಾಮಾ ಕಿರಣಗಳು ಚಿಮ್ಮುತ್ತವೆ. ನಮ್ಮ ವಾಯುಮಂಡಲ ಅವನ್ನು ಕೆಳಗೆ ಬಿಡುವುದಿಲ್ಲ. ಆದ್ದರಿಂದ ಅವನ್ನು ಹಿಡಿಯಲು ಉಪಗ್ರಹಗಳೇ ಬೇಕು. ಮೊದಲು ಹಿಡಿದ ಉಪಗ್ರಹಗಳಂತೂ ಅವನ್ನು ಹುಡುಕುತ್ತಿರಲಿಲ್ಲ. ರಷ್ಯನರು ಒಪ್ಪಂದ ಮುರಿದು ಗುಟ್ಟಾಗಿ ಅಣುಬಾಂಬನ್ನು ಸಿಡಿಸುವರೋ ಎಂದು ಕಾಯಲು ಅಮೆರಿಕನರು 1963ರಿಂದ ಹಾರಿಸಿದ ‘ವೇಲಾ’ ಉಪಗ್ರಹಗಳು ಅವು. 1967ರ ಜುಲೈ 2ರಂದು ಅವುಗಳಿಗೆ ಬಾಂಬಿನದಲ್ಲದ ಮಿಂಚೊಂದು ಕಂಡಿತು. ಅಂಥ ಹದಿನಾರು ಮಿಂಚುಗಳನ್ನು ಕೂಡಿಹಾಕಿ, ಅವು ಭೂಮಿಯವೂ ಅಲ್ಲ ಸೂರ್ಯನವೂ ಅಲ್ಲ ಎಂದು ಖಚಿತಪಡಿಸಿಕೊಂಡು, ವಿಜ್ಞಾನಿಗಳು ಲೋಕಕ್ಕೆ ಹೇಳಿದ್ದು 1973ರಲ್ಲಿ.

ಸ್ಫೋಟವಾಯಿತೆಂದು ತಿಳಿಯುವುದು ಸುಲಭ. ಎಲ್ಲಿ ಆಯಿತೆಂದು ತಿಳಿಯುವುದು ಕಷ್ಟ. ಗಾಮಾ ಕಿರಣವನ್ನು ಸಾಮಾನ್ಯ ಕನ್ನಡಿಯಿಂದಾಗಲಿ ಮಸೂರದಿಂದಾಗಲಿ ಬಗ್ಗಿಸಿ ಚಿತ್ರ ತೆಗೆಯಲಾಗದು. ಏಪ್ರಿಲ್ ತಿಂಗಳಿನ ಜಾತ್ರೆಯಲ್ಲಿ ‘ಪುತ್ತೂರು ಬೆಡಿ’ಯ ಸದ್ದನ್ನು ಸುತ್ತಲಿನ ಹಳ್ಳಿಗಳಲ್ಲಿ ಮಲಗಿದಲ್ಲಿಂದಲೇ ಕೇಳಿದವರಿಗೆ ಈ ಕಷ್ಟ ಅರ್ಥವಾದೀತು. ಮಹಾಲಿಂಗೇಶ್ವರನ ಗದ್ದೆ ಎಲ್ಲಿದೆ ಎಂದು ಮೊದಲೇ ಗೊತ್ತಿರುವುದರಿಂದ ಸದ್ದು ಅಲ್ಲಿಂದ ಬಂತು ಎನ್ನುತ್ತೇವೆ. ಗೊತ್ತಿಲ್ಲದವನಿಗೆ ಗುಡ್ಡ ಗುಡ್ಡವೂ ಪ್ರತಿಧ್ವನಿಸುತ್ತದೆ. ಇಬ್ಬರು ಮೂವರು ಬೇರೆ ಬೇರೆ ಊರುಗಳಲ್ಲಿ ಗಡಿಯಾರ ಹಿಡಿದು ಕುಳಿತು, ಯಾರಿಗೆ ಎಷ್ಟು ಬೇಗ ಕೇಳಿಸಿತೆಂದು ಹೋಲಿಸಿದರೆ ಮಾತ್ರ ಸ್ಥಳದ ಅಂದಾಜು ಸಿಕ್ಕೀತು. ದೂರ ದೂರದ ಉಪಗ್ರಹಗಳು ಮಾಡುವುದೂ ಇದನ್ನೇ. ಹೀಗೆ ಒಂಟಿಯಾಗಿ ತಿಳಿಯಲಾರದ್ದನ್ನು ಹಲವರು ಕೂಡಿ ತಿಳಿಯುವಾಗ, ಕಾಣದವನಿಗೂ ಒಂದು ಸ್ಥಾನ ಬರುತ್ತದೆ.

ಭಾರತದ ‘ಆಸ್ಟ್ರೋಸ್ಯಾಟ್’ ಉಪಗ್ರಹವು 2015ರ ಸೆಪ್ಟೆಂಬರ್ 28ರಂದು ಹಾರಿತು. ಗಾಮಾ ಸ್ಫೋಟಗಳನ್ನು ಹಿಡಿಯುವ ಆಸೆ ನಮ್ಮವರಿಗೆ ಅದಕ್ಕಿಂತ ಹಳೆಯದು. ಬೆಂಗಳೂರಿನ ಉಪಗ್ರಹ ಕೇಂದ್ರದವರು 1994ರಲ್ಲಿ ಹಾರಿದ ‘ಸ್ರಾಸ್-ಸಿ2’ ಎಂಬ ಸಣ್ಣ ಉಪಗ್ರಹದಲ್ಲಿಯೇ ಅದಕ್ಕೆಂದು ಉಪಕರಣವನ್ನು ಇಟ್ಟಿದ್ದರು. ಆ ಕೇಂದ್ರಕ್ಕೆ ಈಗ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಹೆಸರಿದೆ. ಆಸ್ಟ್ರೋಸ್ಯಾಟಿನಲ್ಲಿ ಸಿ.ಜಡ್.ಟಿ.ಐ. ಎಂಬ ಉಪಕರಣವಿದೆ. ಪ್ರಬಲವಾದ ಕಿರಣಗಳಿಗೆ ಅದರ ಗೋಡೆಗಳೇ ಪಾರದರ್ಶಕವಾಗುವುದರಿಂದ ಅದು ನಾಲ್ಕು ದಿಕ್ಕನ್ನೂ ಒಟ್ಟಿಗೆ ಗಮನಿಸಬಲ್ಲದು. ಕೆಲಸಕ್ಕೆ ತೊಡಗಿದ ದಿನವೇ, 2015ರ ಅಕ್ಟೋಬರ್ 6ರಂದು, ಅದು ಮೊದಲ ಸ್ಫೋಟವನ್ನು ಹಿಡಿಯಿತು. 2023ರ ನವೆಂಬರಿನಲ್ಲಿ ಆರುನೂರನೆಯದನ್ನು. ಆದರೆ 650 ಕಿಲೋಮೀಟರು ಎತ್ತರದಲ್ಲಿ ತಿರುಗುವ ಈ ಉಪಗ್ರಹಕ್ಕೆ ಆಕಾಶದ ಸುಮಾರು ಮೂರರಲ್ಲೊಂದು ಪಾಲನ್ನು ಭೂಮಿಯೇ ಮರೆಮಾಡಿರುತ್ತದೆ.

2017ರ ಆಗಸ್ಟ್ 17ರಂದು, ನಮ್ಮ ಸಂಜೆ ಆರು ಗಂಟೆ ಕಳೆದು ಕೆಲವು ನಿಮಿಷಕ್ಕೆ, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದುದರ ಗುರುತ್ವಾಕರ್ಷಣ ತರಂಗ ಅಮೆರಿಕದ ಎರಡು ‘ಲೈಗೊ’ ವೀಕ್ಷಣಾಲಯಗಳನ್ನು ಮುಟ್ಟಿತು. 1.7 ಸೆಕೆಂಡುಗಳ ನಂತರ ‘ಫರ್ಮಿ’ ಉಪಗ್ರಹದ ಒಂದು ಉಪಕರಣಕ್ಕೆ ಗಾಮಾ ಸ್ಫೋಟವೊಂದು ಕಂಡಿತು. ಕಂಡವರು ಇವರು. ಕಾಣದವರೂ ಇದ್ದರು. ಇಟಲಿಯ ‘ವರ್ಗೊ’ ವೀಕ್ಷಣಾಲಯವು ಎಚ್ಚರವಾಗಿಯೇ ಇತ್ತು. ಅದಕ್ಕೆ ಮಾತ್ರ ತರಂಗವು ಕೇಳಿಸಲಿಲ್ಲವೆನ್ನುವಷ್ಟು ಕ್ಷೀಣವಾಗಿತ್ತು. ಅಂಥ ವೀಕ್ಷಣಾಲಯಕ್ಕೆ ಕೆಲವು ದಿಕ್ಕುಗಳು ಕುರುಡಾಗಿರುತ್ತವೆ. ಹಾಗಾದರೆ ತರಂಗ ಬಂದದ್ದು ವರ್ಗೊವಿಗೆ ಕುರುಡಾದ ದಿಕ್ಕಿನಿಂದಲೇ! ಲೈಗೊ ಎರಡರ ಮಾತಿನಿಂದ 190 ಚದರ ಡಿಗ್ರಿಯಷ್ಟು ಹರಡಿದ್ದ ಸಂಶಯದ ಪ್ರದೇಶವು ವರ್ಗೊವಿನ ಮೌನವನ್ನು ಸೇರಿಸಿದೊಡನೆ ಸುಮಾರು 30ಕ್ಕೆ ಇಳಿಯಿತು.

ನಮ್ಮ ಆಸ್ಟ್ರೋಸ್ಯಾಟಿಗೂ ಅಂದು ಏನೂ ಕಾಣಲಿಲ್ಲ. ಅದರ ವಿಜ್ಞಾನಿಗಳು ಸುಮ್ಮನಿರಲಿಲ್ಲ. ‘ಉಪಕರಣವು ನಡೆಯುತ್ತಿತ್ತು, ಈ ಬಲಕ್ಕೆ ಮೇಲ್ಪಟ್ಟದ್ದು ನಮಗೆ ತೆರೆದಿದ್ದ ಆಕಾಶದಲ್ಲಿ ಸಿಡಿದಿದ್ದರೆ ಕಾಣುತ್ತಿತ್ತು, ಕಂಡಿಲ್ಲ’ ಎಂದು ಲೆಕ್ಕ ಕೊಟ್ಟರು. ಸ್ಫೋಟದ ತಾಣವು ಆ ಹೊತ್ತಿಗೆ ಆಸ್ಟ್ರೋಸ್ಯಾಟಿನ ಪಾಲಿಗೆ ಭೂಮಿಯ ಹಿಂದೆ ಅಡಗಿತ್ತು. ಸುಮಾರು ಹನ್ನೊಂದು ಗಂಟೆಗಳಾದ ಮೇಲೆ ಚಿಲಿ ದೇಶದ ಒಂದು ಮೀಟರಿನ ದೂರದರ್ಶಕವೊಂದು, 13 ಕೋಟಿ ಜ್ಯೋತಿರ್ವರ್ಷ ದೂರದ ಎನ್.ಜಿ.ಸಿ. 4993 ಎಂಬ ನಕ್ಷತ್ರಲೋಕದಲ್ಲಿ ಹೊಸ ಬೆಳಕಿನ ಚುಕ್ಕೆಯನ್ನು ಕಂಡಿತು. ಕಂಡವರ ಕೀರ್ತಿ ದೊಡ್ಡದು. ಆದರೆ ಎತ್ತ ನೋಡಬೇಕೆಂದು ತಿಳಿಸಿದವರಲ್ಲಿ ಕಾಣದವರೂ ಇದ್ದರು.

ಅಂದು ಇನ್ನೊಂದು ಬಗೆಯ ಕಾಣದಿರುವಿಕೆಯೂ ಇತ್ತು. ಅದೇ ಫರ್ಮಿ ಉಪಗ್ರಹದ ಇನ್ನೊಂದು ದೊಡ್ಡ ಉಪಕರಣವು ಆ ಗಳಿಗೆಯಲ್ಲಿ ಕೆಲಸ ಮಾಡುತ್ತಿರಲಿಲ್ಲ. ದಕ್ಷಿಣ ಅಟ್ಲಾಂಟಿಕದ ಮೇಲೆ ವಿದ್ಯುತ್ಕಣಗಳು ದಟ್ಟವಾಗಿರುವೆಡೆಯನ್ನು ದಾಟುವಾಗ ಅದು ಕಣ್ಣು ಮುಚ್ಚಿಕೊಳ್ಳಬೇಕಾಗುತ್ತದೆ. ‘ಆ ಹೊತ್ತಿನ ಮಾತು ನಾವು ಹೇಳಲಾರೆವು’ ಎಂದು ಅದರ ವಿಜ್ಞಾನಿಗಳು ಸ್ಪಷ್ಟವಾಗಿ ತಿಳಿಸಿದರು. ಮಲಗಿದ್ದವನು ಮಲಗಿದ್ದೆನೆಂದು ಹೇಳಿದರೆ ಅದರಿಂದ ಯಾರಿಗೂ ಮೋಸವಿಲ್ಲ.

ಅದೇ ವರ್ಷದ ಜನವರಿಯಲ್ಲಿ ನಡೆದ ಸಂಗತಿಯೂ ಇಲ್ಲಿ ನೆನೆಯತಕ್ಕದ್ದು. ಜನವರಿ 4ರಂದು ಗುರುತ್ವ ತರಂಗವೊಂದು ಬಂತು. ಅದು ಬಂದಿರಬಹುದಾದ ದಿಕ್ಕಿನಲ್ಲಿಯೇ ಮಂಕಾಗುತ್ತಿರುವ ಬೆಳಕೊಂದು ದೂರದರ್ಶಕಕ್ಕೆ ಕಂಡಿತು. ಎರಡಕ್ಕೂ ಗಂಟು ಹಾಕುವ ಆಸೆ ಸಹಜ. ಆಸ್ಟ್ರೋಸ್ಯಾಟಿನ ದಾಖಲೆಯನ್ನು ತಡಕಿದಾಗ ತರಂಗದ ಗಳಿಗೆಯಲ್ಲಿ ಏನೂ ಇರಲಿಲ್ಲ. ಮರುದಿನ ಗಾಮಾ ಸ್ಫೋಟವೊಂದು ಇತ್ತು. ಮಂಕು ಬೆಳಕು ಈ ಎರಡನೆಯ ಸ್ಫೋಟದ ಉಳಿಕೆ. ತರಂಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಹಾಕಬಹುದಾಗಿದ್ದ ಗಂಟು ಹೀಗೆ ತಪ್ಪಿತು.

ಆಕಾಶದಲ್ಲಿ ತಪ್ಪು ಗಂಟು ಬಿದ್ದರೆ ಒಂದು ಲೇಖನವನ್ನು ಹಿಂದೆಗೆದುಕೊಳ್ಳಬೇಕಾದೀತು. ನೆಲದ ಮೇಲೆ ಹಾಗಲ್ಲ. ಪುತ್ತೂರಿಗೂ ಕಡಬಕ್ಕೂ ನಡುವೆ ನನಗೆ ಪರಿಚಯವಿರುವ ಒಂದು ಹಳ್ಳಿಯಲ್ಲಿ, ಬಹಳ ವರ್ಷಗಳ ಕೆಳಗೆ, ಆಟಿ ತಿಂಗಳ ಒಂದು ರಾತ್ರಿ ಒಂದು ಮನೆಯ ಅಟ್ಟದಿಂದ ಎರಡು ಗೋಣಿ ಅಡಿಕೆ ಹೋಯಿತು. ತೋಡಿನ ಆಚೆಯಿದ್ದ ಒಬ್ಬ ಕೂಲಿಯವನ ಮೇಲೆ ಸಂಶಯ ಬಿತ್ತು; ಹಿಂದಿನ ದಿನ ಅವನು ಸಾಲ ಕೇಳಿದ್ದನೆಂಬುದಷ್ಟೇ ಕಾರಣ. ಯಾರಾದರೂ ಕಂಡವರುಂಟೋ ಎಂದು ಊರೆಲ್ಲ ವಿಚಾರಿಸಿದರು. ಕಂಡವರಿರಲಿಲ್ಲ, ಸಂಶಯ ಮಾತ್ರ ಉಳಿಯಿತು. ಯಾರೂ ಕೆಲಸಕ್ಕೆ ಕರೆಯದಾದಾಗ ಅವನು ಹೆಂಡತಿ ಮಕ್ಕಳೊಡನೆ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೊರಟುಹೋದ.

ತೋಡು ತುಂಬಿ ಹರಿಯುತ್ತಿದ್ದ ಆ ದಿನಗಳಲ್ಲಿ ದಾಟಲು ಇದ್ದದ್ದು ಒಂದೇ ಕಾಲುಸಂಕ. ಅದರ ಪಕ್ಕದ ಮನೆಯ ಮುದುಕಿ ಆ ರಾತ್ರಿ ದನ ಕರುಹಾಕುವುದೆಂದು ಲಾಟೀನು ಹಚ್ಚಿಕೊಂಡು ಹಟ್ಟಿಯಲ್ಲಿ ಕುಳಿತಿದ್ದಳು. ಈ ಮಾತು ಹೊರಬಿದ್ದದ್ದು ತಿಂಗಳುಗಳ ಮೇಲೆ, ಬೇರೇನೋ ಪ್ರಸ್ತಾಪದಲ್ಲಿ. ‘ರಾತ್ರಿಯಿಡೀ ಸಂಕ ದಾಟಿದವರಿಲ್ಲ, ಬೆಳಗಿನ ಜಾವ ನೀರು ಕಾಯಿಸಲು ಒಳಗೆ ಹೋದಷ್ಟು ಹೊತ್ತು ಮಾತ್ರ ನನಗೆ ಗೊತ್ತಿಲ್ಲ’ ಎಂದಳಂತೆ. ಆಗಲೇ ಏಕೆ ಹೇಳಲಿಲ್ಲ ಅಜ್ಜೀ ಎಂದರೆ, ‘ಕಂಡವರುಂಟೋ ಎಂದು ಕೇಳಿದರು. ಕಾಣದವಳು ನಾನು ಏನು ಹೇಳುವುದುಂಟು ಮಗಾ?’ ಎಂದಳು.

ಅವಳ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಕೇಳಿದವರು ಅರ್ಧ ಪ್ರಶ್ನೆಯನ್ನು ಮಾತ್ರ ಕೇಳಿದ್ದರು. ಶಾಸ್ತ್ರವನ್ನಾಗಲಿ ವಿಜ್ಞಾನವನ್ನಾಗಲಿ ಓದದ ಆ ಹೆಂಗಸು ತನ್ನ ಎಚ್ಚರದ ಅವಧಿಯನ್ನೂ ನಡುವಿನ ಬಿಡುವನ್ನೂ ಬೇರ್ಪಡಿಸಿ ಹೇಳಿದ ರೀತಿಗೂ ಉಪಗ್ರಹದ ವಿಜ್ಞಾನಿಗಳು ಕೊಡುವ ವರದಿಗೂ ನನಗೆ ವ್ಯತ್ಯಾಸ ತೋರುವುದಿಲ್ಲ. ಆದರೆ ವಿಜ್ಞಾನಿಗಳಲ್ಲಿ ಕಾಣದವನನ್ನೂ ಕರೆದು ಕೇಳುವ ಪದ್ಧತಿಯಿದೆ, ಊರಿನಲ್ಲಿ ಇರಲಿಲ್ಲ.

ಇಲ್ಲವೇ ಇಲ್ಲವೆಂದರೆ ಅನ್ಯಾಯವಾದೀತು. ಸುಳ್ಯ, ಕಡಬಗಳ ಘಟ್ಟದ ಬುಡದ ಊರುಗಳಲ್ಲಿ ಆನೆ ತೋಟಕ್ಕಿಳಿದ ರಾತ್ರಿ ಮನೆಯಿಂದ ಮನೆಗೆ ಫೋನು ಹೋಗುತ್ತದೆ. ‘ನಿಮ್ಮಲ್ಲಿ ಉಂಟಾ?’ ‘ಇಲ್ಲ.’ ಅನುಭವಿಗಳು ಅಷ್ಟಕ್ಕೆ ಬಿಡುವುದಿಲ್ಲ. ‘ಎದ್ದು ನೋಡಿದಿರಾ, ಮಲಗಿದಲ್ಲಿಂದಲೇ ಹೇಳುವುದಾ?’ ಎಂದು ಕೇಳುತ್ತಾರೆ. ನಸುಕಿನಲ್ಲಿ ರಬ್ಬರು ಟ್ಯಾಪಿಂಗಿಗೆ ಹೋಗುವವನು, ಹಾಲಿನ ಸೊಸೈಟಿಗೆ ನಡೆಯುವವಳು, ಆ ಒಂದು ‘ಇಲ್ಲ’ವನ್ನು ನಂಬಿ ಮನೆಯಿಂದ ಹೊರಡುತ್ತಾರೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನಲ್ಲಿ ಕಾಡಾನೆಯೊಂದು ಒಂದೇ ಬೆಳಗ್ಗೆ ಇಬ್ಬರನ್ನು ಕೊಂದುದನ್ನು ಆ ಕಡೆಯವರು ಮರೆತಿಲ್ಲ. ಹಾಸಿಗೆಯಿಂದ ಹೇಳಿದ ‘ಇಲ್ಲ’ಕ್ಕೂ ಅಂಗಳಕ್ಕಿಳಿದು ಟಾರ್ಚು ಬಿಟ್ಟು ಹೇಳಿದ ‘ಇಲ್ಲ’ಕ್ಕೂ ಇರುವ ಅಂತರ ಅಲ್ಲಿ ಜೀವದ ಪ್ರಶ್ನೆ.

ಪೇಟೆಯ ನಮಗೆ ಅಂಥ ಅಪಾಯವಿಲ್ಲವೆಂದೇ ನಾವು ‘ನಾನು ನೋಡಲಿಲ್ಲ’ ಎಂಬುದನ್ನು ಇಷ್ಟು ಅಗ್ಗವಾಗಿ ಖರ್ಚು ಮಾಡುತ್ತೇವೋ ಏನೊ. ಒಬ್ಬನ ಮೇಲೆ ಅಪವಾದ ಹಬ್ಬುತ್ತಿರುತ್ತದೆ. ಹತ್ತು ವರ್ಷ ಅವನ ಪಕ್ಕದ ಮೇಜಿನಲ್ಲಿ ಕುಳಿತವನು, ‘ನಾನಂತೂ ಏನೂ ಕಂಡವನಲ್ಲ’ ಎಂದು ಕೈ ತೊಳೆದುಕೊಳ್ಳುತ್ತಾನೆ. ಅದೇ ಮಾತನ್ನು ಅವನು ಇನ್ನೊಂದು ಬಗೆಯಾಗಿ ಆಡಬಹುದಾಗಿತ್ತು: ‘ಹತ್ತು ವರ್ಷ ಪಕ್ಕದಲ್ಲಿದ್ದೇನೆ, ಹಣದ ಲೆಕ್ಕವೆಲ್ಲ ನನ್ನ ಕೈಯ ಮೇಲೆಯೇ ಹೋಗುತ್ತದೆ, ಅಂಥದು ನಡೆದಿದ್ದರೆ ನನಗೆ ಕಾಣಬೇಕಿತ್ತು, ಕಂಡಿಲ್ಲ. ರಜೆಯಲ್ಲಿದ್ದ ದಿನಗಳ ಮಾತು ಮಾತ್ರ ಹೇಳಲಾರೆ.’ ಮೊದಲನೆಯದರಿಂದ ಆಡಿದವನಿಗೆ ರಕ್ಷಣೆ, ಎರಡನೆಯದರಿಂದ ಇನ್ನೊಬ್ಬನಿಗೆ. ಅದನ್ನು ಆಡಲು ಕಣ್ಣು ತೆರೆದು ಬಾಳಿರಬೇಕು, ತನ್ನ ಕಣ್ಣಿಗೆ ಗುಡ್ಡ ಎಲ್ಲಿ ಅಡ್ಡವಾಗಿದೆಯೆಂಬುದು ತನಗೆ ತಿಳಿದಿರಬೇಕು, ಕೇಳದಿದ್ದರೂ ಎದ್ದು ಹೇಳುವ ಮನಸ್ಸಿರಬೇಕು. ಕೇಳುವವರೂ ಕಂಡವರನ್ನು ವಿಚಾರಿಸಿದ ಮೇಲೆ, ಸಂಕದ ಪಕ್ಕದಲ್ಲಿ ದೀಪ ಹಚ್ಚಿಕೊಂಡು ಕುಳಿತು ಏನನ್ನೂ ಕಾಣದವರು ಯಾರಾದರೂ ಇದ್ದಾರೆಯೇ ಎಂದು ಒಂದು ಸಲ ವಿಚಾರಿಸಬೇಕು.