ಉಂಡದ್ದೆಲ್ಲ ಒಪ್ಪಿಗೆಯೇ?

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾದಾಗ ಪಾತ್ರೆ, ಪುಸ್ತಕಗಳ ಜೊತೆ ನನ್ನ ಅಕ್ವೇರಿಯಂ ತೊಟ್ಟಿಯೂ ಬಂತು. ಎರಡೂ ಊರಿನ ನಲ್ಲಿಗೆ ಗೋದಾವರಿಯೇ ನೀರು. ಅಲ್ಲಿ ಗಂಗಾಪುರ ಅಣೆಕಟ್ಟಿನದು, ಇಲ್ಲಿ ಪೈಠಣದ ಜಾಯಕವಾಡಿಯದು. ಆ ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಕರಗಿಸಿದರೆ ಮೂರನೇ ಮಹಡಿಯಲ್ಲೂ ಕಡಲು. ಮಲ್ಪೆಯಲ್ಲಿ ಹುಟ್ಟಿದವನಿಗೆ ಅಷ್ಟು ಸಾಕಿತ್ತು.

ಆ ಕಡಲಿಗೆ ಒಂದು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ತಂದೆ. ಬಿಳಿ ಮೈಗೆ ಕಿತ್ತಳೆ ಪಟ್ಟೆ, ಚಿಮಟದಂಥ ಉದ್ದ ಮೂತಿ. ಹವಳದ ಸಂದುಗಳಿಂದ ಹುಳ ಹೆಕ್ಕಿ ತಿನ್ನುವ ಮೀನಿದು. ನೀರಿನಲ್ಲಿ ತೇಲುವ ಒಣ ಕಾಳು ಅದಕ್ಕೆ ಆಹಾರವೆಂದೇ ತೋರಲಿಲ್ಲ. ಕಲ್ಲಿನ ಹಿಂದೆ ಅಡಗಿತು. ದೀಪ ಮಂದ ಮಾಡಿದೆ. ಗಡಿಬಿಡಿಯ ಮೀನುಗಳು ಅದರ ಬಳಿ ಸುಳಿಯದಂತೆ ತಡೆ ಇಟ್ಟೆ. ಜೀವಂತ ಆರ್ಟೀಮಿಯಾ ಸೀಗಡಿ ಬಿಟ್ಟೆ. ಎಂಟು ದಿನ ಏನೂ ಮುಟ್ಟಲಿಲ್ಲ. ಒಂಬತ್ತನೆಯ ದಿನ ತಿಸರ್ಯಾ, ಅಂದರೆ ನಮ್ಮೂರ ಮರುವಾಯಿ, ತಂದು ಚಿಪ್ಪು ಬಿಡಿಸಿ ಕಲ್ಲಿನ ನಡುವೆ ಇಟ್ಟು ದೂರ ಕುಳಿತೆ. ಒಂದು ಗಂಟೆಯ ಮೇಲೆ ಆ ಮೂತಿ ಚಿಪ್ಪಿನೊಳಗೆ ಇಳಿಯಿತು.

"ತಿಂದಿತಲ್ಲ, ಇನ್ನು ಸೆಟಲ್ ಆದ ಹಾಗೇ" ಎಂದರು ಅಂಗಡಿಯವರು.

ಅದೇ ರಾತ್ರಿ ಅಮ್ಮನ ಫೋನು. "ಊಟ ಆಯ್ತಾ ಮಗಾ?" "ಆಯ್ತಮ್ಮ." ಅಷ್ಟಕ್ಕೇ ಅವಳಿಗೆ ನೆಮ್ಮದಿ. ಆ ಎರಡು ಪದಗಳ ಹಿಂದೆ ಎಷ್ಟು ಬಚ್ಚಿಡಬಹುದೆಂದು ಊರು ಬಿಟ್ಟ ನಮಗೆಲ್ಲ ಗೊತ್ತು. ನನ್ನ ಊಟ ನನ್ನ ಸುಖಕ್ಕೆ ಸಾಕ್ಷಿಯಲ್ಲವಾದರೆ, ಮೀನಿನದು ಹೇಗಾದೀತು? ಹಸಿವು ತಿನ್ನಿಸಿತು. ಒಪ್ಪಿಗೆಯನ್ನು ಯಾರೂ ಕೇಳಿರಲೇ ಇಲ್ಲ.

ಆದರೂ ನನ್ನನ್ನೂ ಮೀನನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಅನುಕೂಲದ ಸುಳ್ಳು. ನಾನು ಕೆಲಸ ಹುಡುಕಿ ಬಂದವನು, ಬೇಡವೆನಿಸಿದರೆ ರೈಲಿದೆ. ಅದು ಬಲೆಯಲ್ಲಿ ಬಂದದ್ದು. ಕ್ಲೌನ್ ಮೀನನ್ನು ಮರಿಮಾಡಿಸಿ ಬೆಳೆಸುವ ವಿದ್ಯೆ ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೂ ಕರಗತ. ಆದರೆ ಅಂಗಡಿಗೆ ಬರುವ ಬಟರ್‌ಫ್ಲೈ ಮೀನುಗಳು ಸಾಮಾನ್ಯವಾಗಿ ಹವಳದ ದಿಬ್ಬದಿಂದಲೇ ಹಿಡಿದವು. ಮರಳಿ ಕಡಲಿಗೆ ಬಿಡೋಣವೆಂದರೆ, ತೊಟ್ಟಿಯ ರೋಗವನ್ನು ಅಲ್ಲಿಯ ಮೀನುಗಳಿಗೆ ಹಂಚಿದಂತಾದೀತು. ಬಿಟ್ಟುಬಿಟ್ಟರೆ ತಪ್ಪು ತೀರುವುದಿಲ್ಲ, ಬೇರೆಯವರ ಪಾಲಾಗುತ್ತದೆ.

ಹಾಗಾಗಿ ಒಂದು ಮಾತು ಬದಲಿಸಿಕೊಂಡಿದ್ದೇನೆ. ಆ ಒಂಬತ್ತು ದಿನದ ತಾಳ್ಮೆಯನ್ನು ಗೆಳೆಯರು ಕರುಣೆ ಎಂದು ಹೊಗಳಿದಾಗ ಒಪ್ಪಿಕೊಂಡಿದ್ದೆ. ಅದು ಕರುಣೆಯಲ್ಲ, ಸಾಲದ ಮೊದಲ ಕಂತು. ಕರುಣೆಯಾದರೆ ಬೇಸರ ಬಂದ ದಿನ ನಿಲ್ಲಿಸಬಹುದು. ಸಾಲಕ್ಕೆ ಆ ಸವಲತ್ತಿಲ್ಲ. ಅದು ಬದುಕಿರುವವರೆಗೆ ತಿಸರ್ಯಾ ತರುವುದು, ನೀರು ಬದಲಿಸುವುದು ನನ್ನ ಕೆಲಸ. ಕಡಲಿನಿಂದ ಹಿಡಿದ ಇನ್ನೊಂದನ್ನು ಮಾತ್ರ ತರಲಾರೆ.

ಈಗ ಅದು ನನ್ನನ್ನು ಕಂಡರೆ ಗಾಜಿನ ಬಳಿ ಬರುತ್ತದೆ. ಗುರುತೋ, ಹಸಿವೋ? ನನಗೆ ಹಿತವಾದ ಉತ್ತರವನ್ನು ಅದರ ಬಾಯಲ್ಲಿ ಹಾಕದೆ, ಚಿಪ್ಪು ಬಿಡಿಸಿ ಇಡುತ್ತೇನೆ.