ಗುಣವನ್ನು ಕಂಡೂ ಮೌನವಾಗಿರುವುದು ವ್ರತವೇ?

ಭಾದ್ರಪದ ಶುದ್ಧ ಪಂಚಮಿಯಂದು ದಶಲಕ್ಷಣ ಪರ್ವವು ಪ್ರಾರಂಭವಾಯಿತೆಂದರೆ ಶ್ರಾವಕರ ಮನೆಗಳ ದಿನಚರಿಯೇ ಬದಲಾಗುತ್ತದೆ. ಅಂಥ ಒಂದು ಮನೆ. ಊರಿನ ಹೆಸರು ಬೇಕಿಲ್ಲ; ಇಂಥ ಮನೆ ಎಲ್ಲ ಊರುಗಳಲ್ಲಿಯೂ ಉಂಟು. ಅತ್ತೆಯವರು ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಹತ್ತು ದಿನಗಳೂ ಉಪವಾಸದ ಸಂಕಲ್ಪ ಮಾಡಿದ್ದಾರೆ. ಹಗಲಿನಲ್ಲಿ ಕಾಯಿಸಿ ಆರಿಸಿದ ನೀರು, ಅಷ್ಟೇ. ಸೊಸೆಯದು ಏಕಭುಕ್ತ. ಆಕೆ ನಸುಕಿನಲ್ಲಿ ಎದ್ದು ನೀರು ಸೇದಿ, ಮಡಿಸಿದ ಅರಿವೆಯಲ್ಲಿ ಸೋಸಿ, ಅತ್ತೆಗಾಗಿ ಬೇರೆ ಕಾಯಿಸಿಡಬೇಕು. ಪೂಜೆಗೆ ಅಷ್ಟದ್ರವ್ಯಗಳನ್ನು ತೊಳೆದು ಅಣಿಗೊಳಿಸಬೇಕು. ಮಕ್ಕಳಿಗೂ ಗಂಡನಿಗೂ ಅಡಿಗೆ ಮಾಡಬೇಕು. ಸಂಜೆಯ ಊಟ ಸೂರ್ಯಾಸ್ತಕ್ಕೆ ಮುನ್ನ ಮುಗಿಯಬೇಕು. ಆರನೆಯ ದಿನದಿಂದ ಅತ್ತೆಯ ಕಾಲು ಸೋತಿತು. ಅಂದಿನಿಂದ ಬಸದಿಗೆ ಕೈಹಿಡಿದು ಕರೆದೊಯ್ಯುವ ಕೆಲಸವೂ ಸೊಸೆಯದಾಯಿತು.

ಹುಣ್ಣಿಮೆಯ ಬೆಳಿಗ್ಗೆ ಪಾರಣೆ. ನೆಂಟರು, ನೆರೆಯವರು ಬಂದರು. ‘ಎಂಥ ತಪಸ್ಸು! ಈ ವಯಸ್ಸಿನಲ್ಲಿ ಇದು ಸಾಮಾನ್ಯವೇ!’ ಎಂದು ಕೊಂಡಾಡಿದರು. ಅದು ಉಚಿತವೇ. ಆದರೆ ಪಾರಣೆಯ ಬಟ್ಟಲನ್ನು ಹಿಡಿದು ನಿಂತಿದ್ದವಳ ಕಡೆಗೆ ಯಾರ ದೃಷ್ಟಿಯೂ ಹೋಗಲಿಲ್ಲ. ಹೋಗಿದ್ದರೂ ಯಾರೂ ಮಾತನಾಡುತ್ತಿರಲಿಲ್ಲ. ಏಕೆಂದರೆ ಹಿರಿಯರಲ್ಲಿ ಒಂದು ನಂಬಿಕೆ ಬೇರೂರಿದೆ: ಮನೆಯವರನ್ನು ಎದುರಿಗೆ ಹೊಗಳಬಾರದು, ಹೊಗಳಿದರೆ ಮಾನಕಷಾಯ ಹೆಚ್ಚುತ್ತದೆ, ಅಲ್ಲದೆ ಮಾಡಬೇಕಾದ ಕರ್ತವ್ಯವನ್ನು ಮಾಡಿದ್ದಕ್ಕೆ ಹೊಗಳಿಕೆ ಏಕೆ? ಈ ನಂಬಿಕೆಗೆ ಧರ್ಮದ ಆಧಾರವಿದೆಯೆಂದೂ ಅವರು ಭಾವಿಸುತ್ತಾರೆ. ಆಧಾರವಿದೆಯೇ ಎಂಬುದು ವಿಚಾರಣೀಯ.

ಹೊಗಳಿಕೆಯಿಂದ ಮಾನ ಹೆಚ್ಚಬಹುದು ಎಂಬುದರಲ್ಲಿ ಸಂದೇಹವಿಲ್ಲ. ಅದಕ್ಕಾಗಿಯೇ ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ಸತ್ಕಾರ-ಪುರಸ್ಕಾರವೆಂಬುದನ್ನೂ ಆಚಾರ್ಯರು ಸೇರಿಸಿದರು. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಗಳ ಕಡಿತದ ಸಾಲಿನಲ್ಲಿಯೇ ಮನ್ನಣೆಯೂ ಬಂದಿತು. ಮನ್ನಣೆ ದೊರೆತಾಗ ಉಬ್ಬಬಾರದು, ದೊರೆಯದಾಗ ಕುಗ್ಗಬಾರದು. ಆದರೆ ಇದು ಯಾರಿಗೆ ಹೇಳಿದ ಮಾತು ಎಂಬುದನ್ನು ಗಮನಿಸಬೇಕು. ಮನ್ನಣೆಯನ್ನು ಪಡೆಯುವವನಿಗೆ ಹೇಳಿದ್ದು. ಮುನಿಗೆ ಹಸಿವನ್ನು ಸಹಿಸುವ ಪರೀಷಹವುಂಟೆಂದು ಶ್ರಾವಕನು ಆಹಾರದಾನವನ್ನು ನಿಲ್ಲಿಸುತ್ತಾನೆಯೇ? ಬಾಗಿಲಿಗೆ ಬಂದ ತ್ಯಾಗಿಗಳಿಗೆ ‘ಹಸಿವನ್ನು ಜಯಿಸುವುದು ತಮ್ಮ ಧರ್ಮ’ ಎಂದು ಹೇಳಿ ಕದ ಮುಚ್ಚಿದರೆ ಅದು ಎಂಥ ಶ್ರಾವಕತನ! ಸಹಿಸುವವನ ಲೆಕ್ಕ ಬೇರೆ, ಕೊಡುವವನ ಲೆಕ್ಕ ಬೇರೆ. ಅವನ ಪುಸ್ತಕದ ನಿಯಮವನ್ನು ತನ್ನ ಪುಸ್ತಕಕ್ಕೆ ಬರೆದುಕೊಂಡು ಜಿಪುಣತನಕ್ಕೆ ವ್ರತದ ಹೆಸರಿಡುವುದು ಸಲ್ಲದು.

ಕೊಡುವವನ ಲೆಕ್ಕದಲ್ಲಿ ಶಾಸ್ತ್ರವು ಏನು ಹೇಳುತ್ತದೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ನಾಲ್ಕು ಭಾವನೆಗಳನ್ನು ವಿಧಿಸಿದ್ದಾರೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕಾರುಣ್ಯ, ತಿದ್ದಿಕೊಳ್ಳಲೊಲ್ಲದವರಲ್ಲಿ ಮಾಧ್ಯಸ್ಥ್ಯ ಎಂಬ ಮೂರನ್ನು ಪ್ರವಚನಗಳಲ್ಲಿ ಬೇಕಾದಷ್ಟು ಕೇಳುವುದುಂಟು. ಗುಣಾಧಿಕರಲ್ಲಿ ಪ್ರಮೋದವೆಂಬುದನ್ನು ಮಾತ್ರ ಬೇಗನೆ ದಾಟಿ ಹೋಗುತ್ತಾರೆ. ಮತ್ತೊಬ್ಬನಲ್ಲಿ ತನಗಿಂತ ಮಿಗಿಲಾದ ಗುಣವನ್ನು ಕಂಡಾಗ ಮುಖವು ಅರಳಬೇಕು, ಒಳಗಿನ ಸಂತೋಷವು ಹೊರಗೆ ಕಾಣಬೇಕು, ಅದೇ ಪ್ರಮೋದ. ಕರುಣೆ ತೋರುವುದು ಸುಲಭ, ಏಕೆಂದರೆ ಕರುಣೆ ತೋರುವವನು ಮೇಲೆ ನಿಂತಿರುತ್ತಾನೆ. ಪ್ರಮೋದದಲ್ಲಿ ಕೆಳಗೆ ನಿಲ್ಲಬೇಕಾಗುತ್ತದೆ. ಉತ್ತಮ ಮಾರ್ದವದ ದಿನದಂದು ತನ್ನ ಅಹಂಕಾರದ ಬಗ್ಗೆ ಪಶ್ಚಾತ್ತಾಪಪಡುವ ಹಿರಿಯನೇ ಸೊಸೆಯ ಅಥವಾ ತಮ್ಮನ ಗುಣವನ್ನು ಹೇಳಲು ಬಾಯಿ ತೆರೆಯಲಾರದೆ ಹೋದರೆ, ಆ ಮುಚ್ಚಿದ ಬಾಯಿಯ ಹಿಂದೆ ಕುಳಿತಿರುವುದೂ ಮಾನಕಷಾಯವೇ.

ಅದೇ ಗ್ರಂಥದ ಆರನೆಯ ಅಧ್ಯಾಯವು ಇನ್ನೂ ಕಠಿಣವಾಗಿ ಹೇಳುತ್ತದೆ. ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣಗಳು ಯಾವುವು? ಪರನಿಂದೆ ಮತ್ತು ಆತ್ಮಪ್ರಶಂಸೆ ಎಂದರೆ ಯಾರೂ ಒಪ್ಪುತ್ತಾರೆ. ಅವುಗಳ ಜೊತೆಯಲ್ಲಿಯೇ ಬರುವ ಇನ್ನೊಂದು ಕಾರಣ, ಪರರಲ್ಲಿ ಇರುವ ಸದ್ಗುಣವನ್ನು ಮುಚ್ಚಿಡುವುದು. ನಿಂದಿಸಬೇಕೆಂದಿಲ್ಲ, ಕೆಟ್ಟ ಮಾತನ್ನಾಡಬೇಕೆಂದಿಲ್ಲ. ಇರುವುದನ್ನು ಕಂಡೂ ಮುಚ್ಚಿಟ್ಟರೆ ಸಾಕು, ಆಸ್ರವದ ಬಾಗಿಲು ತೆರೆಯಿತು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವು ಐದನೆಯದು. ಧರ್ಮದ ಹಾದಿಯಲ್ಲಿ ನಡೆಯುವವನು ಎಡವಿದಾಗ ಅವನ ದೋಷವನ್ನು ಮುಚ್ಚಬೇಕೆಂಬುದು ಅದರ ಅರ್ಥ. ಕುಟುಂಬಗಳಲ್ಲಿ ನಡೆಯುವುದೇನು? ದೋಷದ ಮೇಲೆ ಹೊದಿಸಬೇಕಾದ ವಸ್ತ್ರವನ್ನು ಎಳೆದು ಗುಣದ ಮೇಲೆ ಹೊದಿಸುತ್ತಾರೆ. ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನ ಮಾತು ಮೂರು ಮನೆಗೆ ಕೇಳಿಸುತ್ತದೆ. ಉಪ್ಪು ಸರಿಯಾಗಿದ್ದ ಮುನ್ನೂರು ದಿನಗಳ ಸುದ್ದಿಯೇ ಇಲ್ಲ.

ಈ ವಿಷಯದಲ್ಲಿ ಆದಿಪುರಾಣದ ಒಂದು ಪ್ರಸಂಗಕ್ಕಿಂತ ಮಿಗಿಲಾದ ದೃಷ್ಟಾಂತ ದೊರೆಯಲಾರದು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ವಿಸ್ತರಿಸಿದ ಈ ಕಥೆಯನ್ನು ಪಂಪನು 941ರಲ್ಲಿ ಕನ್ನಡಕ್ಕೆ ತಂದನು. ಆದಿತೀರ್ಥಂಕರರ ಜೀವವು ಹಿಂದಿನ ಒಂದು ಭವದಲ್ಲಿ ವಜ್ರಜಂಘನೆಂಬ ರಾಜನಾಗಿತ್ತು. ಅವನ ರಾಣಿ ಶ್ರೀಮತಿ. ಪ್ರಯಾಣದ ನಡುವೆ ಅರಣ್ಯದ ಸರೋವರದ ಬಳಿ ಅವರು ಬೀಡುಬಿಟ್ಟಿದ್ದಾಗ ದಮಧರ ಮತ್ತು ಸಾಗರಸೇನರೆಂಬ ಚಾರಣ ಮುನಿಗಳು ಅಲ್ಲಿಗೆ ಬಂದರು. ಕಾಡಿನಲ್ಲಿ ದೊರೆತರೆ ಮಾತ್ರ ಆಹಾರವೆಂಬ ನಿಯಮ ಅವರದು. ದಂಪತಿಗಳು ಭಕ್ತಿಯಿಂದ ಆಹಾರದಾನ ಮಾಡಿದರು, ಪಂಚಾಶ್ಚರ್ಯಗಳಾದವು. ಅಲ್ಲಿಯೇ ಹತ್ತಿರದಲ್ಲಿ ಒಂದು ಹುಲಿ, ಒಂದು ಹಂದಿ, ಒಂದು ಕೋತಿ, ಒಂದು ಮುಂಗುಸಿ ಬೆದರದೆ, ಬೆದರಿಸದೆ, ಮುನಿಗಳನ್ನು ನೋಡುತ್ತಾ ಶಾಂತವಾಗಿದ್ದವು. ಆಶ್ಚರ್ಯಪಟ್ಟ ರಾಜನು ಕೇಳಲಾಗಿ ಮುನಿಗಳು ಅವುಗಳ ಪೂರ್ವಭವಗಳನ್ನು ವಿವರಿಸಿದರು. ಹುಲಿಯು ಕ್ರೋಧದಿಂದಲೂ, ಹಂದಿಯು ಮಾನದಿಂದಲೂ, ಕೋತಿಯು ಮಾಯೆಯಿಂದಲೂ, ಮುಂಗುಸಿಯು ಲೋಭದಿಂದಲೂ ಆ ಜನ್ಮಕ್ಕೆ ಬಂದಿದ್ದವು. ನಾಲ್ಕು ಕಷಾಯಗಳೇ ನಾಲ್ಕು ಮೃಗಗಳಾಗಿ ನಿಂತಂತೆ!

ಆ ಪ್ರಾಣಿಗಳ ಬಳಿ ಕೊಡಲು ಏನಿತ್ತು? ಅನ್ನವಿಲ್ಲ, ಕೈಯಿಲ್ಲ, ಹೊಗಳಲು ಮಾತೂ ಇಲ್ಲ. ಮತ್ತೊಬ್ಬರು ಮಾಡುತ್ತಿರುವ ಒಳ್ಳೆಯ ಕಾರ್ಯವನ್ನು ಕಂಡು ಅವು ಸಂತೋಷಪಟ್ಟವು, ಅಷ್ಟೇ. ಇದಕ್ಕೆ ಶಾಸ್ತ್ರದಲ್ಲಿ ಅನುಮೋದನೆಯೆಂದು ಹೆಸರು. ಫಲವೇನಾಯಿತು? ದಾನ ಮಾಡಿದ ವಜ್ರಜಂಘ-ಶ್ರೀಮತಿಯರು ಉತ್ತರಕುರುವಿನ ಭೋಗಭೂಮಿಯಲ್ಲಿ ಜನಿಸಿದರು. ನೋಡಿ ಸಂತೋಷಪಟ್ಟ ಆ ನಾಲ್ಕು ಜೀವಗಳೂ ಅದೇ ಭೋಗಭೂಮಿಯಲ್ಲಿ ಜನಿಸಿದವು. ಮುಂದೆ ವೃಷಭನಾಥರ ಪುತ್ರರಾಗುವ ಭಾಗ್ಯವೂ ಅವುಗಳಿಗೆ ಬಂದಿತು. ಶ್ರೀಮತಿಯ ಜೀವವೇ ಹಸ್ತಿನಾಪುರದ ಶ್ರೇಯಾಂಸನಾಗಿ, ಕಾಡಿನ ಆ ದಾನವನ್ನು ನೆನಪಿಗೆ ತಂದುಕೊಂಡು, ಆದಿನಾಥರಿಗೆ ಕಬ್ಬಿನ ಹಾಲನ್ನು ಅರ್ಪಿಸಿದ್ದನ್ನು ಅಕ್ಷಯ ತೃತೀಯೆಯಂದು ಮಕ್ಕಳೂ ಹೇಳುತ್ತಾರೆ. ಆ ದಿನವೂ ಆಕಾಶದಲ್ಲಿ ದೇವತೆಗಳು ‘ಆಹಾ, ಎಂಥ ದಾನ!’ ಎಂದು ಉದ್ಘೋಷಿಸಿದರು. ರತ್ನವೃಷ್ಟಿ, ಪುಷ್ಪವೃಷ್ಟಿಗಳ ಸಾಲಿನಲ್ಲಿಯೇ ಈ ಮೆಚ್ಚುಗೆಯ ಮಾತೂ ಒಂದು ಆಶ್ಚರ್ಯವೆಂದು ಎಣಿಕೆಯಾಗಿದೆ. ರತ್ನಗಳನ್ನು ಸುರಿಸುವುದು ಮನುಷ್ಯರಿಗೆ ಸಾಧ್ಯವಿಲ್ಲ. ಮಾತು ಸಾಧ್ಯವಷ್ಟೆ?

ಅನುಮೋದನೆಯನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ಜಪಮಾಲೆಯೂ ಸಾಕ್ಷಿ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ-ವಚನ-ಕಾಯಗಳೆಂಬ ಮೂರರಿಂದಲೂ, ಮಾಡುವುದು-ಮಾಡಿಸುವುದು-ಅನುಮೋದಿಸುವುದು ಎಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಮಣಿಗಳ ಸಂಖ್ಯೆಗೆ ಇದನ್ನೇ ಕಾರಣವಾಗಿ ಹೇಳುವುದು ವಾಡಿಕೆ. ಇದರಲ್ಲಿ 36 ಭೇದಗಳು ಅನುಮೋದನೆಯವು. ಪಾಪವನ್ನು ಮೆಚ್ಚಿದವನು ಪಾಪದ ಪಾಲುದಾರನೆಂದು ಇಷ್ಟು ನಿಷ್ಠುರವಾಗಿ ಲೆಕ್ಕವಿಟ್ಟಿರುವಾಗ, ಪುಣ್ಯವನ್ನು ಮೆಚ್ಚಿದವನು ಪುಣ್ಯದ ಪಾಲುದಾರನಾಗದೆ ಇರುತ್ತಾನೆಯೇ?

ಇನ್ನು ಮೇಲೆ ಎಲ್ಲರೂ ಎಲ್ಲರನ್ನೂ ಹೊಗಳುತ್ತಿರಬೇಕೆಂದು ಯಾರಾದರೂ ಅರ್ಥಮಾಡಿಕೊಂಡರೆ ಅದು ಬೇರೊಂದು ಅನರ್ಥ. ಸಭೆಗಳಲ್ಲಿ ಶಾಲು ಹೊದಿಸಿ ಹಾರ ಹಾಕಿ ಧ್ವನಿವರ್ಧಕದಲ್ಲಿ ಗುಣಗಳನ್ನು ಎಣಿಸುವುದನ್ನು ಕೇಳಿದರೆ, ಈ ಕಾಲದಲ್ಲಿಯೂ ಇಷ್ಟು ಜನ ಮಹಾಪುರುಷರು ಒಂದೇ ತಾಲೂಕಿನಲ್ಲಿ ಇದ್ದಾರೆಯೇ ಎಂದು ಬೆರಗಾಗುತ್ತದೆ! ಸತ್ಯವ್ರತವನ್ನು ರಕ್ಷಿಸುವುದಕ್ಕೆ ಐದು ಭಾವನೆಗಳನ್ನು ಹೇಳಿದೆ: ಕ್ರೋಧ, ಲೋಭ, ಭಯ, ಹಾಸ್ಯಗಳನ್ನು ಬಿಡುವುದು ಮತ್ತು ವಿಚಾರಪೂರ್ವಕವಾಗಿ ಮಾತನಾಡುವುದು. ಹೊಗಳಿಕೆಯನ್ನು ಒರೆಗೆ ಹಚ್ಚಲು ಇವೇ ಸಾಕು. ದೇಣಿಗೆಯ ಆಸೆಯಿಂದ ಬಂದದ್ದು ಲೋಭದ ಮಾತು. ಅಧಿಕಾರಸ್ಥನ ಮುಂದೆ ಬಂದದ್ದು ಭಯದ ಮಾತು. ‘ನಮ್ಮ ಸೊಸೆ ಬಹಳ ಜಾಣೆ’ ಎಂದು ಕಣ್ಣು ಮಿಟುಕಿಸಿ ಹೇಳಿದ್ದು ಹಾಸ್ಯದ ಮಾತು. ಒಬ್ಬಳನ್ನು ಚುಚ್ಚಲೆಂದು ಇನ್ನೊಬ್ಬಳನ್ನು ಹೊಗಳಿದ್ದು ಕ್ರೋಧದ ಮಾತು. ಇಷ್ಟನ್ನು ಜರಡಿ ಹಿಡಿದ ಮೇಲೆ ಉಳಿಯುವುದು ಸ್ವಲ್ಪ. ಆ ಸ್ವಲ್ಪವೇ ನಿಜವಾದ ಪ್ರಶಂಸೆ.

ಉದ್ದಾಯನ ಮಹಾರಾಜನ ಕಥೆಯಲ್ಲಿ ಸೌಧರ್ಮೇಂದ್ರನು ತನ್ನ ಸಭೆಯಲ್ಲಿ ಆ ರಾಜನ ನಿರ್ವಿಚಿಕಿತ್ಸಾ ಗುಣವನ್ನು ಹೊಗಳಿದನು. ರಾಜನು ಅಲ್ಲಿರಲಿಲ್ಲ. ಅವನಿಂದ ಇಂದ್ರನಿಗೆ ಆಗಬೇಕಾದದ್ದೇನೂ ಇರಲಿಲ್ಲ. ಅದನ್ನು ಕೇಳಿದ ಒಬ್ಬ ದೇವನು ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದು ಪರೀಕ್ಷಿಸಿದಾಗ, ತಿಂದದ್ದನ್ನೆಲ್ಲ ಮೈಮೇಲೆ ವಾಂತಿ ಮಾಡಿದರೂ, ರಾಜನು ಹೇಸದೆ ತೊಳೆದು, ತಾನು ಕೊಟ್ಟ ಆಹಾರದಲ್ಲಿಯೇ ದೋಷವಿತ್ತೇನೋ ಎಂದು ನೊಂದನು. ಬೆನ್ನ ಹಿಂದೆ ಆಡಿದ ಮಾತು ಹೀಗೆ ಪರೀಕ್ಷೆಯಲ್ಲಿ ನಿಂತಿತು. ಅಂಗಳದಲ್ಲಿ ನಿಂತು ನೆರೆಯವರೊಡನೆ ಸೊಸೆಯ ಬಗ್ಗೆ ಆಡುವ ಮಾತಿಗೂ ಇಷ್ಟು ಗಟ್ಟಿತನ ಬೇಕು.

ಮಾತು ಕೇವಲ ಸಂತೋಷಕ್ಕೆ ಎಂದೂ ತಿಳಿಯಬಾರದು. ಅದು ಕೆಲವೊಮ್ಮೆ ರಕ್ಷೆ. ಭಗವತೀ ಆರಾಧನೆಯಲ್ಲಿ ಸಲ್ಲೇಖನವನ್ನು ಕೈಗೊಂಡ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳಿದೆ. ಅವರೆಲ್ಲ ದೇಹವನ್ನು ಎತ್ತಿ ಇಳಿಸುವವರಲ್ಲ. ಧರ್ಮಕಥೆಯನ್ನು ಹೇಳುವವರೂ ಅವರಲ್ಲಿ ಉಂಟು. ಕ್ಷಪಕನು ವೇದನೆಯಿಂದ ಕದಲಿದಾಗ ಆಡುವ ಮಾತುಗಳ ಪ್ರಕರಣಕ್ಕೆ ಕವಚವೆಂದೇ ಹೆಸರು. ಕನ್ನಡದ ವಡ್ಡಾರಾಧನೆಯ 19 ಕಥೆಗಳು ಆ ಕವಚಕ್ಕೆ ಸೇರಿದವು. ಯುದ್ಧಕ್ಕೆ ಹೋಗುವವನಿಗೆ ಕಬ್ಬಿಣದ ಕವಚವಿದ್ದಂತೆ ಉಪವಾಸಕ್ಕೆ ನಿಂತವನಿಗೆ ಮಾತಿನ ಕವಚ. ಮಹಾವ್ರತಿಗೇ ಅದು ಬೇಕಾದ ಮೇಲೆ, ಮೊದಲ ಬಾರಿಗೆ ಅಷ್ಟಮಿಯ ಉಪವಾಸ ಹಿಡಿದು ಮಧ್ಯಾಹ್ನ ಮೂರಕ್ಕೆ ಮುಖ ಬಾಡಿಸಿಕೊಂಡು ಕುಳಿತ ಹನ್ನೆರಡು ವರ್ಷದ ಹುಡುಗಿಗೆ ಬೇಡವೇ? ‘ನಿನ್ನಿಂದಾಗದು, ಮೊದಲೇ ಹೇಳಿದ್ದೆ’ ಎನ್ನುವವರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ‘ಇಷ್ಟು ಹೊತ್ತು ನಿಂತೆಯಲ್ಲ, ಮಗು’ ಎನ್ನುವವರು ಎಷ್ಟು ಮಂದಿ? ಪಾಠಶಾಲೆಯಲ್ಲಿಯೂ ಹಾಗೆಯೇ. ತಪ್ಪಿನ ಕೆಳಗೆ ಗೆರೆ ಎಳೆಯಲು ಉಪಾಧ್ಯಾಯನಿಗೆ ಕೆಂಪು ಶಾಯಿಯನ್ನು ಕೊಡುತ್ತಾರೆ. ಸರಿಯಾದ ವಾಕ್ಯದ ಕೆಳಗೆ ಎಳೆಯಲು ಯಾವ ಬಣ್ಣದ ಶಾಯಿಯೂ ಇಲ್ಲ.

ಪ್ರಶಂಸೆಯಲ್ಲಿ ಒಂದು ಸೂಕ್ಷ್ಮವುಂಟು. ‘ನೀನು ಬಹಳ ಒಳ್ಳೆಯವಳು’ ಎಂದರೆ ಅದು ವ್ಯಕ್ತಿಯನ್ನು ಕುರಿತ ಮಾತು. ಮಾನಕ್ಕೆ ಎಡೆಗೊಡುವುದು ಇದೇ. ‘ದಿನವೂ ಹೊತ್ತು ತಪ್ಪದಂತೆ ನೀರು ಸೋಸಿದೆ’ ಎಂದರೆ ಅದು ಗುಣವನ್ನು ಕುರಿತದ್ದು. ನೋಡಿದವನಿಗೆ ಮಾತ್ರ ಈ ಎರಡನೆಯ ಮಾತು ಬರುತ್ತದೆ. ಸೋಸಿದ ನೀರಿಗೆ ಒಂದು ಮುಹೂರ್ತದ ಮಿತಿಯಿದೆಯೆಂದು, ಮೀರಿದರೆ ಮತ್ತೆ ಸೋಸಬೇಕೆಂದು ತಿಳಿದವನು, ಹತ್ತು ದಿನ ಅದನ್ನು ತಪ್ಪದೆ ನಡೆಸಿದವಳ ಎಚ್ಚರವನ್ನು ಅಳೆಯಬಲ್ಲನು.

ಆ ಮನೆಯ ಪಾರಣೆಗೆ ಕಡೆಯಲ್ಲಿ ಬಂದವರು ಅತ್ತೆಯವರ ಸೋದರತ್ತೆ, ತುಂಬ ಮುಪ್ಪಾದವರು. ಉಪವಾಸದವರನ್ನು ಕುಶಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ: ‘ಹತ್ತು ದಿನವೂ ನೀರು ಕಾಯಿಸಿಟ್ಟವರು ಯಾರಮ್ಮ?’

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೆಂಟರೆಲ್ಲ ಕೇಳುವಂತೆ, ‘ಇವಳೇ, ಅತ್ತೆ. ಒಂದು ದಿನವೂ ಹೊತ್ತು ಮೀರಲಿಲ್ಲ. ಆರನೆಯ ದಿನ ನಾನು ಬಿಟ್ಟುಬಿಡುತ್ತಿದ್ದೆ. ಇವಳು ಕೈಹಿಡಿದು ಬಸದಿಗೆ ಕರೆದುಕೊಂಡು ಹೋದಳು’ ಎಂದರು.

‘ಹಾಗೆನ್ನಬೇಡಿ, ಅತ್ತೆ’ ಎಂದಳು ಸೊಸೆ. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, ಸೆರಗಿನಿಂದ ಮುಖವನ್ನು ಒರೆಸಿಕೊಂಡು, ಮತ್ತೊಂದು ಬಟ್ಟಲು ತರಲು ಒಳಗೆ ಹೋದಳು. ಆಕೆಯ ಏಕಭುಕ್ತದ ಊಟ ಅಂದು ಇನ್ನೂ ಆಗಿರಲಿಲ್ಲ. ‘ಬಡಿಸುವುದು ಸಾಕು, ನೀನೂ ಬಾ, ಇಲ್ಲಿ ನನ್ನ ಪಕ್ಕದಲ್ಲಿ ಕೂರು’ ಎಂದು ಅತ್ತೆಯವರು ಕರೆದದ್ದು ಒಳಗಿನವರೆಗೂ ಕೇಳಿಸಿತು.